ತುರಗಬಂಧವೂ ಗುಪ್ತಪೇಟಿಕೆಯೂ

ಮರೆಯಾಗಿರುವುದನ್ನು ಕಾಣಬೇಕೆಂಬ ಹಂಬಲ ಮನುಷ್ಯನಿಗೆ ಹುಟ್ಟಿನೊಂದಿಗೇ ಬಂದುದು. ತೊಟ್ಟಿಲ ಕೂಸು ಸೆರಗಿನ ಹಿಂದೆ ಅಡಗಿದ ತಾಯಿಯ ಮುಖವನ್ನು ಕಂಡುಹಿಡಿದು ಕೇಕೆ ಹಾಕುತ್ತದೆ. ಅದೇ ಕೂಸು ಬೆಳೆದು ಒಗಟನ್ನು ಒಡೆದು ಹಿಗ್ಗುತ್ತದೆ. ಒಗಟು, ಮುಂಡಿಗೆ, ಬೆಡಗು, ಪ್ರಹೇಳಿಕೆ ಎಂದು ಕನ್ನಡಿಗರು ಹಲವು ಹೆಸರುಗಳಿಂದ ಕರೆದ ನುಡಿಬಗೆಗಳೆಲ್ಲ ಈ ಹಂಬಲವನ್ನೇ ಆಶ್ರಯಿಸಿಕೊಂಡು ಬೆಳೆದವು. ಆದರೆ ಈ ಹಂಬಲಕ್ಕೆ ಎರಡು ದಾರಿಗಳುಂಟು. ಒಂದು ಓದಿನ ದಾರಿ. ಇನ್ನೊಂದು ಅಗೆತದ ದಾರಿ. ಓದಿನ ದಾರಿಯಲ್ಲಿ ನಡೆದವನು ಗುಟ್ಟನ್ನು ಅರಿಯುತ್ತಾನೆ, ಗುಟ್ಟನ್ನಿರಿಸಿದ ಸ್ಥಳವೂ ಉಳಿಯುತ್ತದೆ. ಅಗೆತದ ದಾರಿಯಲ್ಲಿ ನಡೆದವನು ಸ್ಥಳವನ್ನು ಕೆಡಿಸುತ್ತಾನೆ. ಗುಟ್ಟಾದರೋ ಅವನ ಕೈಗೆ ದಕ್ಕುವುದೇ ಇಲ್ಲ. ಈ ಎರಡರ ಅಂತರವನ್ನು ಬಾಲಕರಿಗೆ ಮನಗಾಣಿಸಬಲ್ಲ ಒಂದು ಹೊಸ ಆಟವನ್ನೂ, ಆ ಆಟಕ್ಕೆ ಒದಗಿ ಬರುವ ಒಂದು ಹಳೆಯ ವಿದ್ಯೆಯನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹೊಸ ಆಟದ ಹುಟ್ಟು

ಆ ಆಟದ ಹೆಸರು ಜಿಯೋಕ್ಯಾಶಿಂಗ್. 'ಜಿಯೋ' ಎಂದರೆ ಭೂಮಿಗೆ ಸಂಬಂಧಿಸಿದುದು. 'ಕ್ಯಾಶ್' ಎಂಬುದನ್ನು ಇಲ್ಲಿ ನಗದು ಹಣವೆಂದು ಭ್ರಮಿಸಲಾಗದು. ಬಚ್ಚಿಡುವುದು ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಬಂದ, ಬಚ್ಚಿಟ್ಟ ವಸ್ತು ಎಂಬ ಅರ್ಥದ ಬೇರೊಂದು ಪದವದು. ಹೀಗೆ ಬಚ್ಚಿಟ್ಟ ಪೆಟ್ಟಿಗೆಯನ್ನು ಕನ್ನಡದಲ್ಲಿ ಗುಪ್ತಪೇಟಿಕೆ ಎನ್ನಬಹುದು.

ಅಮೆರಿಕ ದೇಶವು ಬಾಹ್ಯಾಕಾಶದಲ್ಲಿ ನಿಲ್ಲಿಸಿರುವ ಉಪಗ್ರಹಗಳ ಸಹಾಯದಿಂದ ಭೂಮಿಯ ಮೇಲಿನ ಯಾವುದೇ ಎಡೆಯ ಅಕ್ಷಾಂಶ ರೇಖಾಂಶಗಳನ್ನು ತಿಳಿಯುವ ವ್ಯವಸ್ಥೆಗೆ ಜಿಪಿಎಸ್ ಎಂದು ಹೆಸರು. ಜನಸಾಮಾನ್ಯರಿಗೆ ದೊರೆಯುತ್ತಿದ್ದ ಸಂಕೇತಗಳಲ್ಲಿ ಆ ಸರ್ಕಾರವು ಬೇಕೆಂದೇ ದೋಷವನ್ನು ಬೆರೆಸಿಟ್ಟಿತ್ತು. ಆದಕಾರಣ ಉಪಕರಣ ತೋರಿಸಿದ ಸ್ಥಳಕ್ಕೂ ನಿಜವಾದ ಸ್ಥಳಕ್ಕೂ ನೂರು ಮೀಟರುಗಳಷ್ಟು ಅಂತರ ಬೀಳಬಹುದಾಗಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಆ ದೋಷವನ್ನು ತೆಗೆದುಹಾಕಲಾಯಿತು. ಮರುದಿನವೇ, ಎಂದರೆ ಮೇ 3ರಂದು, ಆರಿಗನ್ ಪ್ರಾಂತದ ಬೀವರ್‌ಕ್ರೀಕ್ ಎಂಬಲ್ಲಿ ಡೇವ್ ಅಲ್ಮರ್ ಎಂಬವರು ಕೆಲವು ಸಣ್ಣಪುಟ್ಟ ಪದಾರ್ಥಗಳನ್ನು ತುಂಬಿದ ಡಬ್ಬಿಯೊಂದನ್ನು ಇರಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಪಡಿಸಿದರು. ಕೆಲವೇ ದಿನಗಳಲ್ಲಿ ಜನ ಅದನ್ನು ಹುಡುಕಿ ತೆಗೆದರು. ಅಂದು ಹುಟ್ಟಿದ ಆಟ ಇಂದು ಲೋಕದ ನಾನಾ ದೇಶಗಳಿಗೆ ಹಬ್ಬಿದೆ.

ಆಟದ ಕಟ್ಟಳೆಗಳು ಸರಳ, ಆದರೆ ಅರ್ಥವತ್ತಾದವು. ಪೇಟಿಕೆಯೊಳಗೆ ಒಂದು ಸಣ್ಣ ದಾಖಲೆ ಪುಸ್ತಕವಿರುತ್ತದೆ. ಕಂಡವನು ಅದರಲ್ಲಿ ತನ್ನ ಹೆಸರನ್ನೂ ದಿನಾಂಕವನ್ನೂ ಬರೆದು, ಪೇಟಿಕೆಯನ್ನು ಇದ್ದಂತೆಯೇ ಇದ್ದಲ್ಲಿಯೇ ಇರಿಸಿ ಬರತಕ್ಕದ್ದು. ಒಳಗಿನ ವಸ್ತುವೊಂದನ್ನು ತೆಗೆದುಕೊಂಡರೆ ಅದಕ್ಕೆ ಸಮನಾದ, ಇಲ್ಲವೇ ಮಿಗಿಲಾದ ಬೆಲೆಯ ವಸ್ತುವೊಂದನ್ನು ಇರಿಸತಕ್ಕದ್ದು. ಪೇಟಿಕೆಯನ್ನು ಇರಿಸುವುದಕ್ಕಾಗಲಿ ಹುಡುಕುವುದಕ್ಕಾಗಲಿ ನೆಲವನ್ನು ಅಗೆಯಕೂಡದು. ಜಾಗದ ಒಡೆಯರ ಅನುಮತಿಯಿಲ್ಲದೆ ಎಲ್ಲಿಯೂ ಇರಿಸಕೂಡದು. ಸಂಪತ್ತಿನ ಆಸೆಯನ್ನು ಕೆರಳಿಸುವಂತೆ ತೋರುವ ಆಟವೊಂದು ಆಸೆಯನ್ನು ಹೀಗೆ ಕಟ್ಟಿನಲ್ಲಿ ಇರಿಸಿರುವುದು ಗಮನಾರ್ಹ.

ಈ ಪೇಟಿಕೆಗಳಲ್ಲಿ ಹಲವು ಬಗೆ. ಕೆಲವಕ್ಕೆ ನಿರ್ದೇಶಾಂಕಗಳನ್ನು ನೇರವಾಗಿಯೇ ಕೊಡುತ್ತಾರೆ. ಕೆಲವಕ್ಕೆ ಒಗಟೊಂದನ್ನು ಮುಂದಿಡುತ್ತಾರೆ. ಒಗಟು ಬಿಡಿಸಿದವನಿಗೆ ಮಾತ್ರ ನಿಜವಾದ ನಿರ್ದೇಶಾಂಕ ದೊರೆಯುತ್ತದೆ. ಇಂತಹ ಒಗಟುಗಳಿಗೆ ಬಲು ಒಪ್ಪುವ ವಸ್ತುಗಳಲ್ಲಿ ಚದುರಂಗವೂ ಒಂದು. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ.

ಮಣೆಯ ಮನೆಗಳಿಗೆ ಹೆಸರು

ಭೂಪಟವೂ ಚದುರಂಗದ ಮಣೆಯೂ ಒಂದೇ ತತ್ತ್ವದ ಮೇಲೆ ನಿಂತಿವೆ. ಅಡ್ಡಗೆರೆ, ಉದ್ದಗೆರೆಗಳು ಕೂಡುವೆಡೆಯಲ್ಲಿ ಒಂದು ಸ್ಥಾನ. ಆ ಸ್ಥಾನಕ್ಕೆ ಎರಡು ಅಂಗಗಳ ಒಂದು ಹೆಸರು. ಭೂಮಿಯ ಮೇಲೆ ಆ ಅಂಗಗಳು ಅಕ್ಷಾಂಶ, ರೇಖಾಂಶ. ಇಂದಿನ ಚದುರಂಗದ ಬರಹದಲ್ಲಿ ಎಂಟು ಕಂಬಸಾಲುಗಳಿಗೆ ಆಂಗ್ಲ ವರ್ಣಮಾಲೆಯ ಮೊದಲ ಎಂಟು ಅಕ್ಷರಗಳು, ಎಂಟು ಅಡ್ಡಸಾಲುಗಳಿಗೆ 1ರಿಂದ 8ರವರೆಗಿನ ಅಂಕಿಗಳು. ಕನ್ನಡದ ಬಾಲಕನಿಗೆ ಇದು ಹೊಸದೇನೂ ಅಲ್ಲ. ಅವನು ಒಂದನೆಯ ತರಗತಿಯಲ್ಲಿ ಕಲಿತ ಕಾಗುಣಿತವೇ ಇಂತಹದೊಂದು ಮಣೆ. ಒಂದು ಕಡೆ ವ್ಯಂಜನಗಳ ಸಾಲು, ಇನ್ನೊಂದು ಕಡೆ ಸ್ವರಗಳ ಸಾಲು. ಗಕಾರದ ಸಾಲೂ ಇಕಾರದ ಸಾಲೂ ಕೂಡುವ ಮನೆ 'ಗಿ'. ಕಾಗುಣಿತವನ್ನು ಬಲ್ಲವನು ನಿರ್ದೇಶಾಂಕವೆಂಬ ಶಬ್ದವನ್ನು ಕೇಳದಿದ್ದರೂ ಅದರ ತಿರುಳನ್ನು ಬಲ್ಲನು.

ಮನೆಗೆ ಅಕ್ಷರ ಮತ್ತು ಅಂಕಿಗಳ ಹೆಸರಿರುವುದರಿಂದ ಆಟದ ಒಂದೊಂದು ನಡೆಯೂ ಅಂಕಿಯಾಗಿ ಮಾರ್ಪಡಬಲ್ಲುದು. 1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಮತ್ತು ಕೀಸರಿಟ್ಸ್ಕಿ ಎಂಬ ಆಟಗಾರರು ಆಡಿದ ಪಂದ್ಯವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಮರ ಪಂದ್ಯವೆಂದೇ ಅದು ಪ್ರಸಿದ್ಧ. ಆಂಡರ್ಸನ್ ಒಂದು ಒಂಟೆಯನ್ನು, ಎರಡು ಆನೆಗಳನ್ನು, ಕಡೆಗೆ ಮಂತ್ರಿಯನ್ನೂ ಬಲಿಗೊಟ್ಟು, ಉಳಿದ ಒಂಟೆಯನ್ನು ಇಪ್ಪತ್ತಮೂರನೆಯ ನಡೆಯಲ್ಲಿ ಐದನೆಯ ಕಂಬಸಾಲಿನ ಏಳನೆಯ ಮನೆಗೆ ತಂದು ಎದುರಾಳಿಯ ರಾಜನನ್ನು ಕಟ್ಟಿಹಾಕಿದನು. ಒಗಟು ಕಟ್ಟುವವನು, 'ಅಮರ ಪಂದ್ಯದ ಕೊನೆಯ ಪೆಟ್ಟು ಯಾವ ಮನೆಯಲ್ಲಿ?' ಎಂದು ಕೇಳಿದರೆ ಸಾಕು, 5 ಮತ್ತು 7 ಎಂಬ ಎರಡು ಅಂಕಿಗಳು ದೊರೆತಂತಾಯಿತು. ಆ ಅಂಕಿಗಳು ಯಾವುದೋ ಬೆಟ್ಟದ ತಪ್ಪಲಿನ ಯಾವುದೋ ಬಂಡೆಯ ರೇಖಾಂಶದಲ್ಲಿ ಸೇರಿಕೊಳ್ಳುತ್ತವೆ.

ಇಂತಹ ಒಗಟು ಪುಸ್ತಕ ನೋಡಿ ಬಿಡಿಸಬಹುದಾದುದು. ಸ್ವಂತ ವಿಚಾರದಿಂದಲೇ ಬಿಡಿಸಬೇಕಾದ ಇನ್ನೊಂದು ಬಗೆಯುಂಟು. ಅದು ಕುದುರೆಯ ನಡೆಯನ್ನು ಅವಲಂಬಿಸಿದುದು. ಅದರ ಬೇರು ಭಾರತದ ಕಾವ್ಯಶಾಸ್ತ್ರದಲ್ಲಿ ಆಳವಾಗಿ ಇಳಿದಿದೆ.

ತುರಗಬಂಧದ ಪರಂಪರೆ

ಚದುರಂಗದ ಕುದುರೆ ಒಂದು ದಿಕ್ಕಿಗೆ ಎರಡು ಮನೆ ನಡೆದು ಪಕ್ಕಕ್ಕೆ ಒಂದು ಮನೆ ತಿರುಗುತ್ತದೆ. ಒಂದೊಂದು ನೆಗೆತಕ್ಕೂ ಬಿಳಿಯ ಮನೆಯಿಂದ ಕರಿಯ ಮನೆಗೆ, ಕರಿಯ ಮನೆಯಿಂದ ಬಿಳಿಯ ಮನೆಗೆ ಹೋಗುತ್ತದೆ. ಯಾವ ಮನೆಯನ್ನೂ ಎರಡು ಬಾರಿ ಮೆಟ್ಟದೆ, ಯಾವುದನ್ನೂ ಬಿಡದೆ, ಮಣೆಯ ಎಲ್ಲ ಮನೆಗಳನ್ನೂ ಅದು ಸುತ್ತಿಬರುವ ಬಗೆಗೆ ತುರಗಸಂಚಾರವೆಂದು ಹೆಸರು. ಪದ್ಯದ ಅಕ್ಷರಗಳನ್ನು ಮಣೆಯ ಮನೆಗಳಲ್ಲಿ ತುಂಬಿ ಈ ಸಂಚಾರದ ಕ್ರಮದಲ್ಲಿ ಓದಿದರೆ ಅದು ತುರಗಬಂಧ ಅಥವಾ ತುರಗಪದಬಂಧ.

ಒಂಬತ್ತನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟನು ತನ್ನ 'ಕಾವ್ಯಾಲಂಕಾರ'ದಲ್ಲಿ ಇದಕ್ಕೆ ಲಕ್ಷ್ಯವನ್ನು ರಚಿಸಿದ್ದಾನೆ. ಅನುಷ್ಟುಪ್ ಶ್ಲೋಕದ 32 ಅಕ್ಷರಗಳು ಎಂಟೆಂಟು ಮನೆಗಳ ನಾಲ್ಕು ಸಾಲುಗಳಲ್ಲಿ, ಎಂದರೆ ಅರ್ಧ ಮಣೆಯಲ್ಲಿ, ಸರಿಯಾಗಿ ಕುಳಿತುಕೊಳ್ಳುತ್ತವೆ. ಅವನ ಶ್ಲೋಕವನ್ನು ಸಾಲಾಗಿ ಓದಿದರೂ ಕುದುರೆಯ ನಡೆಯಲ್ಲಿ ಓದಿದರೂ ಒಂದೇ ಪಾಠ ಬರುತ್ತದೆ. ಕೆಲವೇ ಅಕ್ಷರಗಳನ್ನು ಮರಳಿ ಮರಳಿ ಬಳಸಿ ಇದನ್ನು ಸಾಧಿಸಲಾಗಿದೆ. ಇದಕ್ಕಿಂತ ಕಠಿನವಾದ ಸಾಧನೆ ವೇದಾಂತದೇಶಿಕರದು. ಹದಿಮೂರು ಹದಿನಾಲ್ಕನೆಯ ಶತಮಾನಗಳಲ್ಲಿದ್ದ ಅವರ 'ಪಾದುಕಾಸಹಸ್ರ'ದ ಚಿತ್ರಪದ್ಧತಿಯಲ್ಲಿ, ಒಂದು ಶ್ಲೋಕದ 32 ಅಕ್ಷರಗಳನ್ನು ಮಣೆಯಲ್ಲಿ ತುಂಬಿ ಕುದುರೆಯ ನಡೆಯಲ್ಲಿ ಓದಿದಾಗ ಅರ್ಥವತ್ತಾದ ಬೇರೊಂದು ಶ್ಲೋಕ ಹೊರಬೀಳುತ್ತದೆ. ಒಂದು ಶ್ಲೋಕದ ಒಡಲಲ್ಲಿ ಇನ್ನೊಂದನ್ನು ಬಚ್ಚಿಟ್ಟು, ಬೀಗದ ಕೈಯನ್ನು ಕುದುರೆಯ ಕಾಲಿಗೆ ಕಟ್ಟಿದಂತಾಯಿತು.

ಕನ್ನಡನಾಡಿಗೂ ಈ ವಿನೋದ ಪರಕೀಯವಲ್ಲ. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ವು ರಾಜವಿನೋದಗಳಲ್ಲಿ ಚತುರಂಗವನ್ನೂ ವರ್ಣಿಸುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದು, ತುರಗಸಂಚಾರದ ಬಂಧಗಳನ್ನೂ ರಚಿಸಿದರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಎಂಬುದು ಆಟಗಳಿಗೇ ಮೀಸಲು. 1953ರಲ್ಲಿ ಅಚ್ಚಾದ 'ಸಿರಿಭೂವಲಯ'ವೆಂಬ ಅಂಕಕಾವ್ಯದಲ್ಲಿ 27 ಸಾಲು, 27 ಕಂಬಗಳ ಚಕ್ರಗಳಲ್ಲಿ ಅಕ್ಷರಗಳ ಬದಲು 1ರಿಂದ 64ರವರೆಗಿನ ಅಂಕಿಗಳನ್ನು ತುಂಬಿ, ನಾನಾ ಬಂಧಗಳ ದಾರಿಯಲ್ಲಿ ಅವನ್ನು ಓದುವ ಏರ್ಪಾಟಿದೆ. ಅದರ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ ಓದುವ ದಾರಿಯನ್ನು ಬಲ್ಲವನಿಗೆ ಮಾತ್ರ ಗ್ರಂಥ ಬಾಯಿಬಿಡುತ್ತದೆಂಬ ತತ್ತ್ವಕ್ಕೆ ಅದು ಒಳ್ಳೆಯ ನಿದರ್ಶನ.

ಪಾಶ್ಚಾತ್ಯರಲ್ಲಿ ಆಯ್ಲರ್ ಎಂಬ ಮಹಾಗಣಿತಜ್ಞ ಹದಿನೆಂಟನೆಯ ಶತಮಾನದಲ್ಲಿ ಈ ಸಂಚಾರವನ್ನು ಶಾಸ್ತ್ರೀಯವಾಗಿ ವಿವೇಚಿಸಿದನು. ಹೊರಟ ಮನೆಗೆ ಮರಳಿ ನೆಗೆಯಬಲ್ಲ ಸುತ್ತುಸಂಚಾರಗಳೇ 64 ಮನೆಗಳ ಮಣೆಯಲ್ಲಿ ಹದಿಮೂರು ಲಕ್ಷ ಕೋಟಿಗೂ ಮೇಲ್ಪಟ್ಟಿವೆಯೆಂದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಗಣಕಯಂತ್ರದ ಸಹಾಯದಿಂದ ಎಣಿಸಲಾಯಿತು. ಇಷ್ಟು ದಾರಿಗಳಿದ್ದೂ, ಗೊತ್ತುಗುರಿಯಿಲ್ಲದೆ ಹೊರಟವನಿಗೆ ಒಂದೂ ಸಿಕ್ಕುವುದು ಕಷ್ಟ. 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಎಂಬವನು ಒಂದು ಸುಲಭೋಪಾಯವನ್ನು ಹೇಳಿದನು: ಕುದುರೆಯ ಮುಂದೆ ಹಲವು ಮನೆಗಳಿದ್ದರೆ, ಯಾವ ಮನೆಯಿಂದ ಮುಂದಕ್ಕೆ ಹೋಗಲು ದಾರಿಗಳು ಅತಿ ಕಡಿಮೆಯೋ ಆ ಮನೆಗೇ ಮೊದಲು ಹೋಗು. ಇಕ್ಕಟ್ಟಿನ ಮನೆಯನ್ನು ಕಡೆಗೆಂದು ಉಳಿಸಿದರೆ ಅದು ತಲಪಲಾಗದೆ ಉಳಿದುಹೋಗುತ್ತದೆ; ಅದನ್ನು ಮೊದಲೇ ಮುಗಿಸಬೇಕೆಂಬುದು ಇದರ ಮರ್ಮ.

ಒಂದು ಮಾದರಿ ಬಂಧ

ಶಾಸ್ತ್ರವನ್ನು ಉದಾಹರಣೆಯಿಂದ ತಿಳಿಯುವುದು ಲೇಸು. ಮೂರು ಅಡ್ಡಸಾಲು, ನಾಲ್ಕು ಕಂಬಸಾಲುಗಳ ಹನ್ನೆರಡು ಮನೆಗಳ ಕಿರುಮಣೆಯೊಂದನ್ನು ಊಹಿಸಿಕೊಳ್ಳಬೇಕು. ಅದರಲ್ಲಿ ಹೀಗೆ ಅಕ್ಷರಗಳಿವೆ:

ಮೊದಲನೆಯ ಸಾಲು: ಆ — ಮ — ಬು — ಲ್ಲಿ
ಎರಡನೆಯ ಸಾಲು: ಡು — ದ — ಲ — ರ
ಮೂರನೆಯ ಸಾಲು: ದ — ದ — ನೋ — ಡ

ಒಗಟು ಇಷ್ಟು: 'ಕುದುರೆಯನ್ನೇರಿ ಹನ್ನೆರಡು ಮನೆಗಳನ್ನೂ ಸುತ್ತಿ ಬಾ. ಮೊದಲ ಪದದಲ್ಲಿ ಉತ್ತರ, ಎರಡನೆಯದರಲ್ಲಿ ಪೂರ್ವ. ಉಳಿದುದು ಕೈಗೆ ದಾರಿ.' ಪೇಟಿಕೆಯಿರುವ ಸ್ಥಳದ ಅಕ್ಷಾಂಶ ರೇಖಾಂಶಗಳಲ್ಲಿ ಡಿಗ್ರಿಗಳನ್ನೂ ಪೂರ್ಣ ಮಿನಿಟುಗಳನ್ನೂ ಬಿಡಿಸಿಯೇ ಕೊಡಲಾಗಿದೆ. ಮಿನಿಟಿನ ಸಾವಿರದ ಭಾಗಗಳನ್ನು ತೋರುವ ಮೂರು ಮೂರು ಅಂಕಿಗಳನ್ನು ಮಾತ್ರ ಮರೆಮಾಡಲಾಗಿದೆಯೆಂದು ಭಾವಿಸುವುದು.

ಮೊದಲು ಕುದುರೆಯನ್ನು ಎಲ್ಲಿ ನಿಲ್ಲಿಸಬೇಕು? ಇದಕ್ಕೆ ಉತ್ತರ ಕೊಡುವುದು ವ್ಯಾಕರಣ. ಕನ್ನಡ ಬರಹದಲ್ಲಿ ಶುದ್ಧ ಸ್ವರಾಕ್ಷರವು ಸಾಮಾನ್ಯವಾಗಿ ಪದದ ಮೊದಲಿನಲ್ಲಿ ಬರುತ್ತದೆಯೇ ಹೊರತು ನಡುವೆ ಬರುವುದಿಲ್ಲ. ನಡುವೆ ಬಂದಾಗ ವ್ಯಂಜನದೊಡನೆ ಕೂಡಿ ಗುಣಿತವಾಗುತ್ತದೆ. ಈ ಮಣೆಯಲ್ಲಿರುವ ಶುದ್ಧ ಸ್ವರ ಒಂದೇ, 'ಆ'. ಅದು ಮೂಲೆಯ ಮನೆಯಲ್ಲಿಯೂ ಇದೆ. ಅಲ್ಲಿಂದಲೇ ಹೊರಡುವುದು ಯುಕ್ತ.

'ಆ'ದಿಂದ ಕುದುರೆಗೆ ಎರಡು ನೆಗೆತಗಳು: ಎರಡನೆಯ ಸಾಲಿನ 'ಲ', ಇಲ್ಲವೇ ಮೂರನೆಯ ಸಾಲಿನ ಎರಡನೆಯ 'ದ'. 'ಲ'ದಿಂದ ಮುಂದಕ್ಕೆ ಒಂದೇ ದಾರಿ. ಆ 'ದ'ದಿಂದ ಎರಡು. ವಾರ್ನ್ಸ್‌ಡಾರ್ಫನ ಸೂತ್ರದಂತೆ 'ಲ'ಕ್ಕೆ ಹೋಗಬೇಕು. 'ಲ'ದಿಂದ ಇರುವ ಒಂದೇ ದಾರಿ ಮೂರನೆಯ ಸಾಲಿನ ಮೊದಲ 'ದ'. ಅಲ್ಲಿಂದಲೂ ಒಂದೇ ದಾರಿ, ಮೇಲಿನ ಸಾಲಿನ 'ಮ'. 'ಮ'ದಿಂದ ಎರಡು ದಾರಿಗಳು, 'ರ' ಮತ್ತು 'ನೋ'. 'ರ'ದಿಂದ ಮುಂದಕ್ಕೆ ಒಂದೇ ದಾರಿಯಿದ್ದು 'ನೋ'ದಿಂದ ಎರಡು ಇರುವುದರಿಂದ ಮತ್ತೆ ಸೂತ್ರವು 'ರ'ವನ್ನೇ ಹೇಳುತ್ತದೆ. 'ರ'ದಿಂದ ಮೂರನೆಯ ಸಾಲಿನ ಎರಡನೆಯ 'ದ', ಅಲ್ಲಿಂದ 'ಬು'. ಇಲ್ಲಿಯವರೆಗೆ ದೊರೆತುದು: ಆ, ಲ, ದ, ಮ, ರ, ದ, ಬು.

ಈ ಏಳನೆಯ ಮನೆಯಲ್ಲಿ ಸೂತ್ರ ಸೋಲುತ್ತದೆ. 'ಬು'ವಿನಿಂದ 'ಡ'ಕ್ಕೂ ಹೋಗಬಹುದು, 'ಡು'ವಿಗೂ ಹೋಗಬಹುದು. ಎರಡರಿಂದಲೂ ಮುಂದಕ್ಕೆ ಒಂದೊಂದೇ ದಾರಿ. ಅಷ್ಟೇ ಅಲ್ಲ, ಯಾವುದನ್ನು ಹಿಡಿದರೂ ಉಳಿದ ಮನೆಗಳೆಲ್ಲ ಮುಗಿಯುತ್ತವೆ. ಗಣಿತದ ದೃಷ್ಟಿಯಿಂದ ಎರಡೂ ಸರಿಯಾದ ಸಂಚಾರಗಳೇ. 'ಡು'ವಿನ ದಾರಿ ಹಿಡಿದರೆ ಬರುವುದು ಬು, ಡು, ನೋ, ಲ್ಲಿ, ದ, ಡ. ಇದಕ್ಕೆ ಅರ್ಥವಿಲ್ಲ. 'ಡ'ದ ದಾರಿ ಹಿಡಿದರೆ ಬರುವುದು ಬು, ಡ, ದ, ಲ್ಲಿ, ನೋ, ಡು. ಕೂಡಿಸಿದರೆ ವಾಕ್ಯ ತಾನಾಗಿ ನುಡಿಯುತ್ತದೆ: 'ಆಲದ ಮರದ ಬುಡದಲ್ಲಿ ನೋಡು.'

ಈ ಬಂಧದ ಸ್ವಾರಸ್ಯವೆಲ್ಲ ಈ ಏಳನೆಯ ಮನೆಯಲ್ಲಿದೆ. ಲೆಕ್ಕವು ಕೈಬಿಟ್ಟೆಡೆಯಲ್ಲಿ ಭಾಷೆ ಕೈಹಿಡಿಯಿತು. ಕನ್ನಡವನ್ನು ಅರಿಯದ ಗಣಿತಜ್ಞನಾಗಲಿ, ಕುದುರೆಯ ನಡೆಯನ್ನು ಅರಿಯದ ಕನ್ನಡಿಗನಾಗಲಿ ಒಬ್ಬನೇ ಇಲ್ಲಿಂದ ಮುಂದೆ ಹೋಗಲಾರ. ಎರಡು ವಿದ್ಯೆಗಳು ಒಂದೇ ಮಣೆಯ ಮೇಲೆ ಒಂದನ್ನೊಂದು ಬೇಡುತ್ತವೆ.

ಅಕ್ಷರದಿಂದ ಅಂಕಿಗೆ

ವಾಕ್ಯ ದೊರೆಯಿತು, ಅಂಕಿಗಳು ಇನ್ನೂ ದೊರೆತಿಲ್ಲ. ಆಲದ ಮರಗಳು ಹಲವಿರಬಹುದು. ಯಾವ ಆಲದ ಮರ? ಇಲ್ಲಿ ನೆರವಿಗೆ ಬರುವುದು ಕಟಪಯಾದಿ ಸಂಖ್ಯಾಪದ್ಧತಿ. ಜ್ಯೋತಿಶ್ಶಾಸ್ತ್ರಜ್ಞರೂ ಸಂಗೀತಶಾಸ್ತ್ರಜ್ಞರೂ ಬಹುಕಾಲದಿಂದ ಬಳಸಿಕೊಂಡು ಬಂದುದು ಅದು. ಕಕಾರದಿಂದ ಝಕಾರದವರೆಗೆ ಕ್ರಮವಾಗಿ 1ರಿಂದ 9. ಟಕಾರದಿಂದ ಧಕಾರದವರೆಗೆ ಮತ್ತೆ 1ರಿಂದ 9. ಪಕಾರದಿಂದ ಮಕಾರದವರೆಗೆ 1ರಿಂದ 5. ಯಕಾರದಿಂದ ಹಕಾರದವರೆಗೆ 1ರಿಂದ 8. ಞಕಾರ, ನಕಾರ ಮತ್ತು ಶುದ್ಧ ಸ್ವರಗಳು ಸೊನ್ನೆ. ಅಕ್ಷರಕ್ಕೆ ಸೇರಿದ ಗುಣಿತವು ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ದೊರೆತ ಅಂಕಿಗಳನ್ನು ಬಲದಿಂದ ಎಡಕ್ಕೆ ಓದತಕ್ಕದ್ದು. ಧೀರಶಂಕರಾಭರಣವು 29ನೆಯ ಮೇಳವೆಂಬುದನ್ನು ಸಂಗೀತಗಾರರು ಈ ಪದ್ಧತಿಯಿಂದಲೇ ನೆನಪಿಡುತ್ತಾರೆ: 'ಧೀ' ಎಂದರೆ 9, 'ರ' ಎಂದರೆ 2, ತಿರುಗಿಸಿದರೆ 29.

ಈ ನಿಯಮದಂತೆ 'ಆಲದ' ಎಂಬಲ್ಲಿ ಆ 0, ಲ 3, ದ 8; ಎಡಮುಖವಾಗಿ ಓದಿದರೆ 830. 'ಮರದ' ಎಂಬಲ್ಲಿ ಮ 5, ರ 2, ದ 8. ಎಡಮುಖವಾಗಿ ಓದಿದರೆ 825. ಒಗಟಿನ ಮಾತಿನಂತೆ ಮೊದಲ ಪದದ 830 ಉತ್ತರ ಅಕ್ಷಾಂಶದ ಮಿನಿಟಿನ ಸಾವಿರದ ಭಾಗಗಳು. ಎರಡನೆಯ ಪದದ 825 ಪೂರ್ವ ರೇಖಾಂಶದವು.

ಈ ಅಂಕಿಗಳು ಎಷ್ಟು ಸೂಕ್ಷ್ಮವೆಂಬುದನ್ನು ವಿಚಾರಿಸಬೇಕು. ಅಕ್ಷಾಂಶದ ಒಂದು ಮಿನಿಟು ಭೂಮಿಯ ಮೇಲೆ ಸುಮಾರು 1852 ಮೀಟರು. ಅದರ ಸಾವಿರದ ಒಂದು ಭಾಗ ಎರಡು ಮೀಟರಿಗೂ ಕಡಿಮೆ, ಒಬ್ಬ ಮನುಷ್ಯ ಕೈಚಾಚಿ ನಿಂತಷ್ಟು. ಎಡಮುಖವಾಗಿ ಓದಬೇಕೆಂಬುದನ್ನು ಮರೆತು 830ಕ್ಕೆ ಬದಲಾಗಿ 038 ಎಂದು ಓದಿದವನು ಸುಮಾರು ಒಂದೂವರೆ ಕಿಲೋಮೀಟರು ದಕ್ಷಿಣಕ್ಕೆ ಹೋಗುವನು. 825ಕ್ಕೆ ಬದಲು 528 ಎಂದು ಓದಿದವನು ಕನ್ನಡನಾಡಿನ ಅಕ್ಷಾಂಶದಲ್ಲಿ ಅರ್ಧ ಕಿಲೋಮೀಟರಿಗೂ ಮಿಕ್ಕಿ ಪಶ್ಚಿಮಕ್ಕೆ ಸರಿಯುವನು. ತಾಳೆ ನೋಡಲೆಂದು ಒಗಟು ಕಟ್ಟಿದವನು ಆರು ಅಂಕಿಗಳ ಮೊತ್ತ 26 ಎಂದು ತಿಳಿಸಿದ್ದರೂ ಅದು ಇವನನ್ನು ತಡೆಯಲಾರದು. ತಿರುವುಮುರುವಾಗಿ ಓದಿದರೂ ಮೊತ್ತ 26ಏ. ಅಕ್ಷರಗಳು ಸರಿಯೆಂಬುದನ್ನು ಮೊತ್ತ ಹೇಳಬಲ್ಲುದು, ಓದಿನ ದಿಕ್ಕನ್ನು ಹೇಳಲಾರದು. ಅದನ್ನು ಹೇಳಬಲ್ಲುದು ಗುರುಮುಖದಿಂದ ಬಂದ ಸಂಪ್ರದಾಯವೊಂದೇ.

ಇಷ್ಟಾದರೂ ಉಪಕರಣವು ಪೇಟಿಕೆಯನ್ನು ಕೈಗೆ ಕೊಡುವುದಿಲ್ಲ. ಬಯಲಿನಲ್ಲಿ ಇಂದಿನ ಮೊಬೈಲ್ ಫೋನು ಐದಾರು ಮೀಟರುಗಳ ಸುತ್ತಳತೆಯವರೆಗೆ ಕರೆತಂದು ನಿಲ್ಲಿಸಬಲ್ಲುದು. ಮರಗಳ ದಟ್ಟ ನೆರಳಿನಲ್ಲಿ ಅದರ ಗುರಿ ಇನ್ನೂ ಸಡಿಲ. ಆಗ ವಾಕ್ಯದ ಉಳಿದ ಭಾಗ ಬೇಕಾಗುತ್ತದೆ: 'ಬುಡದಲ್ಲಿ ನೋಡು.' ಅಂಕಿ ಮರದ ಬಳಿಗೆ ತಂದಿತು. ಮಾತು ಬೇರಿನ ಬಳಿಗೆ ತಂದಿತು. 'ನೋಡು' ಎಂದಿದೆಯೇ ಹೊರತು 'ಅಗೆ' ಎಂದಿಲ್ಲವೆಂಬುದನ್ನೂ ಗಮನಿಸತಕ್ಕದ್ದು.

ಓದೂ ಅಗೆತವೂ

ಈ ಕೊನೆಯ ಮಾತು ಹಗುರವಾದುದಲ್ಲ. ಕನ್ನಡನಾಡಿನ ಹಳ್ಳಿಹಳ್ಳಿಗಳಲ್ಲಿ ಹಾಳುಗುಡಿಗಳೂ ವೀರಗಲ್ಲುಗಳೂ ಶಾಸನಗಳೂ ಇವೆ. ಅವುಗಳ ಕೆಳಗೆ ಹೊನ್ನಿದೆಯೆಂಬ ಕುರುಡು ನಂಬಿಕೆಯಿಂದ ಗರ್ಭಗುಡಿಯ ನೆಲಗಟ್ಟನ್ನು ಕಿತ್ತವರುಂಟು, ಮೂರ್ತಿಯ ಪೀಠವನ್ನು ಒಡೆದವರುಂಟು. 2019ರ ಜುಲೈ ತಿಂಗಳಲ್ಲಿ ಆನೆಗೊಂದಿಯ ಬಳಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಯ ಆಸೆಯಿಂದ ಒಡೆದು ಕೆಡವಿದ ಸಂಗತಿ ನಾಡನ್ನೇ ನೋಯಿಸಿತು. ನೆಲದಲ್ಲಿ ಸಿಕ್ಕಿದ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯಿದೆ 1878ರಷ್ಟು ಹಿಂದೆಯೇ ಬಂದಿದ್ದರೂ ಇರುಳಿನ ಗುದ್ದಲಿಗಳು ನಿಂತಿಲ್ಲ.

ಶಾಸನದ ಕಲ್ಲನ್ನು ಕಿತ್ತವನಿಗೆ ಅದರ ಕೆಳಗೆ ಮಣ್ಣು ಸಿಕ್ಕುತ್ತದೆ. ಅದೇ ಕಲ್ಲನ್ನು ಓದಬಲ್ಲವನಿಗೆ ಒಂದು ಊರಿನ ಹೆಸರು, ಒಂದು ಕೆರೆಯ ಕಥೆ, ಒಬ್ಬ ದಾನಿಯ ಮನಸ್ಸು, ಒಂದು ಕಾಲದ ಕನ್ನಡ ಸಿಕ್ಕುತ್ತದೆ. ನಿಧಿ ಕಲ್ಲಿನ ಕೆಳಗಿರಲಿಲ್ಲ. ಕಲ್ಲಿನ ಮೇಲೆಯೇ ಇತ್ತು. ಅದನ್ನು ಕಾಣುವ ಕಣ್ಣು ಇರಲಿಲ್ಲವಾಗಿ ಕೈ ಗುದ್ದಲಿಯನ್ನು ಹಿಡಿಯಿತು. ಬಾಲ್ಯದಲ್ಲಿಯೇ ಓದಿ ಹುಡುಕುವ ರುಚಿಯನ್ನು ಹತ್ತಿಸಿದರೆ ಅಗೆದು ಹುಡುಕುವ ಚಪಲ ತಾನಾಗಿ ತಗ್ಗುತ್ತದೆ. ಗುಪ್ತಪೇಟಿಕೆಯ ಆಟದ ನಿಜವಾದ ಪ್ರಯೋಜನ ಇದರಲ್ಲಿದೆ. ಕಷ್ಟಪಟ್ಟು ಕಂಡುಹಿಡಿದ ಪೇಟಿಕೆಯಲ್ಲಿ ಒಂದು ಪೆನ್ಸಿಲು, ಒಂದು ಗಾಜಿನ ಗೋಲಿ, ಹೆಸರುಗಳ ಒಂದು ಪಟ್ಟಿ ಮಾತ್ರ ಇರುತ್ತದೆ. ಕಂಡವನು ಅದನ್ನೂ ಅಲ್ಲಿಯೇ ಬಿಟ್ಟು ಬರುತ್ತಾನೆ, ಆದರೂ ಬರಿಗೈಯವನಾಗಿ ಬರುವುದಿಲ್ಲ.

ಚಿತ್ರಕಾವ್ಯದ ಬಗೆಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ. ಆನಂದವರ್ಧನನು ಚಿತ್ರವನ್ನು ಕಾವ್ಯದ ಅನುಕರಣವೆಂದನು. ಮಮ್ಮಟನು ಅದನ್ನು ಕಾವ್ಯಗಳಲ್ಲಿ ಕೆಳಗಿನ ದರ್ಜೆಗೆ ಇಳಿಸಿದನು. ರಸದ ತಕ್ಕಡಿಯಲ್ಲಿ ತೂಗಿದಾಗ ಆ ತೀರ್ಪು ನ್ಯಾಯವಾದುದೇ. 'ಆಲದ ಮರದ ಬುಡದಲ್ಲಿ ನೋಡು' ಎಂಬುದರಲ್ಲಿ ಯಾವ ರಸವೂ ಇಲ್ಲ. ಆದರೆ ವಿದ್ಯೆಯ ತಕ್ಕಡಿ ಬೇರೆ. ಒಂದೊಂದು ಅಕ್ಷರದ ಸ್ಥಾನವನ್ನೂ ತೂಕವನ್ನೂ ಗಮನಿಸುವ ಕಣ್ಣನ್ನು ಚಿತ್ರಬಂಧವು ಬೆಳೆಸುವಷ್ಟು ಬೇರೆ ಪಾಠಗಳು ಬೆಳೆಸುವುದು ವಿರಳ. ಹಸ್ತಪ್ರತಿಯನ್ನು ಓದುವವನಿಗೆ, ಶಾಸನವನ್ನು ಓದುವವನಿಗೆ ಬೇಕಾದುದು ಅದೇ ಕಣ್ಣು.

ಶಾಲೆಯ ಅಂಗಳದಲ್ಲಿ

ಇದನ್ನು ಪಾಠವಾಗಿಸಲು ಹೆಚ್ಚಿನ ಸಲಕರಣೆಗಳು ಬೇಕಿಲ್ಲ. ಅಂಗಳದಲ್ಲಿ ಸುಣ್ಣದಿಂದ ಮೂರು ಸಾಲು, ನಾಲ್ಕು ಕಂಬಗಳ ಮಣೆಯನ್ನು ಬರೆದು, ವಿದ್ಯಾರ್ಥಿಯನ್ನೇ ಕುದುರೆಯಾಗಿ ನಡೆಸಬಹುದು. ಮೊದಲ ವಾರ ತುರಗಸಂಚಾರ. ಎರಡನೆಯ ವಾರ ಕಟಪಯಾದಿ. ಮೂರನೆಯ ವಾರ ಅಕ್ಷಾಂಶ ರೇಖಾಂಶಗಳು. ಗಣಿತದ ಉಪಾಧ್ಯಾಯರು, ಕನ್ನಡ ಪಂಡಿತರು, ಭೂಗೋಳದ ಉಪಾಧ್ಯಾಯರು ಮೂವರೂ ಕೈಜೋಡಿಸಬೇಕಾದ ಪಾಠವಿದು. ಉಪಕರಣವಿಲ್ಲದಿದ್ದರೆ ಧ್ವಜಸ್ತಂಭವನ್ನು ಮೂಲಬಿಂದುವೆಂದು ಗೊತ್ತುಪಡಿಸಿ ಉತ್ತರಕ್ಕೆ ಇಷ್ಟು ಹೆಜ್ಜೆ, ಪೂರ್ವಕ್ಕೆ ಇಷ್ಟು ಹೆಜ್ಜೆ ಎಂದರೂ ನಡೆದೀತು, ತತ್ತ್ವ ಒಂದೇ.

ಬಿಡಿಸುವುದಕ್ಕಿಂತ ಕಟ್ಟುವುದು ಹೆಚ್ಚಿನ ಶಿಕ್ಷಣ. ಸರಿಯಾಗಿ ಹನ್ನೆರಡು ಅಕ್ಷರಗಳ, ಅರ್ಥವುಳ್ಳ ಒಂದು ವಾಕ್ಯವನ್ನು ರಚಿಸಲು ಹೊರಟ ಬಾಲಕನಿಗೆ ಅಕ್ಷರವೆಂದರೇನು, ಒತ್ತಕ್ಷರವನ್ನು ಎಷ್ಟೆಂದು ಎಣಿಸಬೇಕು ಎಂಬ ಪ್ರಶ್ನೆಗಳು ತಾವಾಗಿ ಎದುರಾಗುತ್ತವೆ. ಮಾದರಿ ಬಂಧದ 'ಲ್ಲಿ' ಎಂಬುದು ಬರಹದಲ್ಲಿ ಎಷ್ಟು ಜಾಗ ಹಿಡಿದರೂ ಒಂದೇ ಅಕ್ಷರವೆಂಬುದನ್ನು ಅವನು ಛಂದಸ್ಸಿನ ಸೂತ್ರವನ್ನು ಕಂಠಪಾಠ ಮಾಡದೆಯೇ ಕಲಿಯುತ್ತಾನೆ. ಮೊದಲ ಎರಡು ಪದಗಳಿಂದ ಬೇಕಾದ ಅಂಕಿಗಳೇ ಬರಬೇಕೆಂದಾಗ ಒಂದು ಪದಕ್ಕೆ ಹತ್ತು ಪರ್ಯಾಯಗಳನ್ನು ಹುಡುಕಿ ಶಬ್ದಸಂಪತ್ತನ್ನು ಬೆಳೆಸಿಕೊಳ್ಳುತ್ತಾನೆ.

ಎಚ್ಚರಿಕೆಗಳೂ ಉಂಟು. ಪೇಟಿಕೆಯು ಪಾರದರ್ಶಕವಾಗಿದ್ದು, ಇದು ಶಾಲೆಯ ಆಟದ ವಸ್ತುವೆಂಬ ಬರಹವನ್ನು ಹೊತ್ತಿರಬೇಕು. ಗುರುತಿಲ್ಲದ ಪೆಟ್ಟಿಗೆ ಜನರಲ್ಲಿ ಭೀತಿಯನ್ನು ಹುಟ್ಟಿಸೀತು. ಗುಡಿ, ಸ್ಮಾರಕ, ಶಾಸನಗಳ ಸನಿಹದಲ್ಲಿ ಅದನ್ನು ಇರಿಸಲೇಕೂಡದು. ಹುತ್ತ, ಪೊಟರೆ, ಬಾವಿಗಳ ಬಳಿಯೂ ಸಲ್ಲದು. ಹಗಲಿನಲ್ಲಿ, ಉಪಾಧ್ಯಾಯರ ಕಣ್ಣಳವಿಯಲ್ಲಿ ಮಾತ್ರ ಹುಡುಕಾಟ ನಡೆಯಬೇಕು. ಮರಕ್ಕೆ ಮೊಳೆ ಹೊಡೆಯಬಾರದು, ಬೇರನ್ನು ಕೆದಕಬಾರದು.

ಪೂರ್ವಿಕರು ಶ್ಲೋಕದೊಳಗೆ ಶ್ಲೋಕವನ್ನಿರಿಸಿದುದು ಯಾರಿಗೂ ಸಿಗಬಾರದೆಂದಲ್ಲ; ಅರ್ಹತೆಯನ್ನು ಗಳಿಸಿ ಬಂದವನಿಗೆ ಸಿಗಲೆಂದು. ಹನ್ನೆರಡು ಮನೆಗಳ ಕಿರುಮಣೆಯನ್ನು ಸುತ್ತಿಬಂದ ಬಾಲಕ ನಾಳೆ 32 ಮನೆಗಳ ಅರ್ಧಮಣೆಯ ಮುಂದೆ ನಿಂತಾನು. ಆಮೇಲೆ ತನ್ನ ಊರಿನ ಬಾಗಿಲಲ್ಲಿ ಮಳೆಗೆ ನೆನೆಯುತ್ತ ನಿಂತಿರುವ ಶಾಸನದ ಮುಂದೆಯೂ ನಿಂತಾನು. ಆಗ ಅವನ ಕೈಯಲ್ಲಿ ಗುದ್ದಲಿಯಿರದೆ ಲೇಖನಿಯಿದ್ದರೆ, ಕಲಿಸಿದವರ ಶ್ರಮವೂ ಕಲಿಕೆಗೆ ನೆರವಾದವರ ಔದಾರ್ಯವೂ ಸಾರ್ಥಕವಾದಂತೆಯೇ ಸರಿ.